ವನಜಳ ಭಾನುವಾರದ ಕಾಲೇಜು

ಮೂವತ್ತೈದರ ಹತ್ತಿರ ಬಂದ ಹೆಂಗಸು ಭಾನುವಾರ ಬೆಳಿಗ್ಗೆ ಸೀರೆಗೆ ಪಿನ್ನು ಹಾಕಿ, ಚೀಲದಲ್ಲಿ ಪುಸ್ತಕ ಇಟ್ಟುಕೊಂಡು ಕುಂದಾಪುರದ ಬಸ್ಸಿಗೆ ನಿಂತರೆ ಕಿರಿಮಂಜೇಶ್ವರದಲ್ಲಿ ಯಾರಿಗೆ ತಾನೆ ಸುಮ್ಮನಿರಲು ಆಗುತ್ತದೆ? ಮೊದಲ ವಾರವೇ ನೆರೆಮನೆಯ ಅಪ್ಪಿ ರಸ್ತೆಯ ಆಚೆ ಬದಿಯಿಂದ ಕೂಗಿದಳು.

"ಹ್ವಾಯ್ ವನಜ, ಎಲ್ಲಿಗ್ ಹೊರ್ಟದ್ದ್?"

"ಕಾಲೇಜಿಗ್."

"ಮಗ್ಳನ್ ಸೇರ್ಸುಕಾ? ಮೋಕ್ಷಿತಾ ಇನ್ನೂ ಹೈಸ್ಕೂಲ್ ಅಲ್ದಾ?"

"ನಾನೇ ಕಲಿಯುಕ್. ಸೈಕಾಲಜಿ."

"ಅಂದ್ರೆ ಎಂತದ್?"

"ಮನಸ್ಸಿನ್ ವಿಷಯ."

"ಓ, ಹುಚ್ಚ್ ಬಿಡ್ಸೂದ್!"

ಅಲ್ಲ ಎನ್ನುವಷ್ಟರಲ್ಲಿ ಬಸ್ಸು ಬಂತು. ಸಂಜೆ ವಾಪಸು ಇಳಿಯುವಾಗ ಅವಳದು ಹುಚ್ಚು ಬಿಡಿಸುವ ಕೋರ್ಸು ಎಂದು ಊರಿಗೆಲ್ಲ ಗೊತ್ತಾಗಿತ್ತು. ವನಜ ಅದನ್ನು ತಿದ್ದಲು ಹೋಗಲಿಲ್ಲ. ವಾರದ ಆರು ದಿನ ಗೇರುಬೀಜದ ಕಾರ್ಖಾನೆಯಲ್ಲಿ ಬೀಜದ ಸಿಪ್ಪೆ ಬಿಡಿಸಿ, ಏಳನೆಯ ದಿನ ಪುಸ್ತಕ ಬಿಡಿಸುವವಳಿಗೆ ಊರಿನ ಬಾಯಿಯನ್ನೂ ನೀನೇ ತಿದ್ದು ಎಂದರೆ ಹೇಗೆ? ಅವಳಿಗೆ ಆಗಲೇ ಸಾಕಾಗಿತ್ತು.

ಯಾಕೆ ಕಲಿಯುತ್ತೀ ಎಂದು ಕೇಳಿದವರಿಗೆ "ಅಣ್ಣನ್ ಸಲುವಾಗಿ" ಎನ್ನುತ್ತಿದ್ದಳು. ಅದು ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ.

ಅವಳ ಅಣ್ಣ ಕರಿಯ ನಾಡದೋಣಿಯ ತಾಂಡೇಲ, ಅಂದರೆ ದೋಣಿ ನಡೆಸುವವನು. ದೋಣಿಯಲ್ಲಿರುವವರ ಜೀವ ಅವನ ಕೈಯಲ್ಲಿ. ಮುಂಬೈಯ ಬೋಟುಗಳಲ್ಲಿ ಹತ್ತು ವರ್ಷ ದುಡಿದು ಊರಿಗೆ ಬಂದವನು ಮದುವೆ ಮಾಡಿಕೊಳ್ಳಲಿಲ್ಲ. ತಂಗಿಗೆ ಮಾತ್ರ ತಾನೇ ನೋಡಿ ಮಾಡಿಸಿದ. ಸಾವಿರದ ಒಂಬೈನೂರ ತೊಂಬತ್ತೇಳರಲ್ಲಿ ವನಜ ಪಿಯುಸಿ ಮುಗಿಸಿ ಮನೆಯಲ್ಲಿದ್ದಾಗ, ತನ್ನ ದೋಣಿಗೇ ಬರುತ್ತಿದ್ದ ಸೂರ ಎಂಬ ಹುಡುಗನನ್ನು ಕರೆತಂದು, "ಇವ ಆತ್, ಹೆದ್ರುಕಿಲ್ಲೆ" ಎಂದ. ನಮ್ಮ ಮೊಗವೀರರ ಮನೆಗಳಲ್ಲಿ ಹಿಂದಿನಿಂದಲೂ ಹೆಣ್ಣುಮಕ್ಕಳ ಮನೆಗೆ ಅಣ್ಣತಮ್ಮಂದಿರೇ ದಿಕ್ಕು. ಮದುವೆಯಾದ ಮೇಲೂ ವನಜ ತಾಯಿ ಬೆಳ್ಳಿಯ ಜೊತೆ ಇದೇ ಮನೆಯಲ್ಲಿ ಉಳಿದಳು. ಸೂರನೇ ಹೋಗಿ ಬಂದು ಮಾಡುತ್ತಿದ್ದ, ಆಮೇಲೆ ಹೋಗುವುದು ಕಡಿಮೆಯಾಗಿ ಇಲ್ಲಿಯವನೇ ಆದ. ಭಾವ-ಭಾವಂದಿರು ಒಂದೇ ದೋಣಿ, ಒಂದೇ ಬೀಡಿ. ಮೋಕ್ಷಿತಾ ಹುಟ್ಟಿದಾಗ ಮಗುವನ್ನು ಮೊದಲು ಎತ್ತಿಕೊಂಡದ್ದು ಸೂರ ಅಲ್ಲ, ಕರಿಯ. ಮೀನಿನ ವಾಸನೆಯ ಕೈ ಎಂದು ಬೆಳ್ಳಿ ಬೈದಿದ್ದಳು.

ಎರಡು ಸಾವಿರದ ಹತ್ತರ ಮಳೆಗಾಲ. ದೊಡ್ಡ ಬೋಟುಗಳೆಲ್ಲ ಮೇಲೆ ಎಳೆದಿಟ್ಟಿರುವ ಕಾಲದಲ್ಲಿ ಕಡಲು ಸ್ವಲ್ಪ ತಣ್ಣಗಾದ ದಿನ ನೋಡಿ ನಾಡದೋಣಿಗಳು ಸಿಗಡಿಗೆ ಹೋಗುತ್ತವೆ. ಆ ದಿನ ಕರಿಯನ ದೋಣಿ ಎಂಟು ಜನರನ್ನು ಕರೆದುಕೊಂಡು ಹೋಗಿ ಏಳು ಜನರನ್ನು ತಂದಿತು. ಹೊಳೆ ಕಡಲಿಗೆ ಸೇರುವ ಅಳಿವೆಯಲ್ಲಿ ಸೂರ ಬಿದ್ದುಹೋಗಿದ್ದ. ಬೇರೆ ದೋಣಿಗಳೂ ಹೋಗಿ ಹುಡುಕಿದವು. ಮಾರನೆಯ ದಿನ ಹೆಣ ದಡಕ್ಕೆ ಬಂತು.

ಗುರಿಕಾರರು ಕೇಳಿದರು, ಪೊಲೀಸರು ಕೇಳಿದರು. ಗುರಿಕಾರರೆಂದರೆ ನಮ್ಮ ಕೇರಿಯ ಯಜಮಾನರು, ಜಗಳ, ತಪ್ಪು, ದಂಡ ಎಲ್ಲ ತೀರ್ಮಾನಿಸುವವರು. ಎಲ್ಲರಿಗೂ ಕರಿಯ ಹೇಳಿದ್ದು ಒಂದೇ ಮಾತು: "ಬಿದ್ದ." ಹೇಗೆ ಬಿದ್ದನೆಂದು ಅವನು ಹೇಳಲಿಲ್ಲ, ದೋಣಿಯಲ್ಲಿದ್ದ ಉಳಿದವರು ಕಂಡಿರಲಿಲ್ಲ. ಆಮೇಲೆ ಆ ಒಂದು ಮಾತೂ ನಿಂತಿತು. ದೋಣಿಗೆ ಹೋಗುವುದು ಬಿಟ್ಟ. ಊಟ ಹಾಕಿದರೆ ಉಣ್ಣುವುದು, ಬೇಡವಾದರೆ ಕೈ ಅಡ್ಡ ಹಿಡಿಯುವುದು, ಗೋಡೆಗೆ ಮುಖ ಮಾಡಿ ಮಲಗುವುದು. ಇಷ್ಟೇ.

ಮನೆಯವರು ಮಾಡದ್ದು ಯಾವುದೂ ಇಲ್ಲ. ದೈವ ಮೈಮೇಲೆ ಬರುವ ದರ್ಶನದಲ್ಲಿ ಕೇಳಿಸಿದರು, ಹಳೆಯ ಹರಕೆ ಬಾಕಿ ಇದೆ ಎಂದಾಯಿತು, ತೀರಿಸಿದರು. ಆಸ್ಪತ್ರೆಗೆ ಕರೆದುಕೊಂಡು ಹೋದರು, ಡಾಕ್ಟರು ನಿದ್ದೆಗೆ ಮಾತ್ರೆ ಕೊಟ್ಟರು. ಮೊದಲೇ ಮಲಗಿದ್ದವನು ಇನ್ನೂ ಚೆನ್ನಾಗಿ ಮಲಗಿದ.

ಕರಿಯ ಮಾತು ನಿಲ್ಲಿಸಿದ ಜಾಗದಿಂದ ಊರು ಮಾತು ಶುರು ಮಾಡಿತು. ಸೂರನಂಥ ಕೆಲಸಗಾರ ಸುಮ್ಮನೆ ಬೀಳುತ್ತಾನೆಯೇ? ಕುಡಿದಿರಬೇಕು. ಕುಡಿದಿರಬೇಕು ಎಂಬುದು ಒಂದು ವಾರದಲ್ಲಿ ಕುಡಿದಿದ್ದ ಎಂದಾಯಿತು. ತಾಂಡೇಲ ಅಲ್ಲವೆನ್ನಲಿಲ್ಲವಲ್ಲ, ಇನ್ನೇನು ಬೇಕು? ಸೂರ ಯಾವಾಗಲಾದರೂ ಕುಡಿಯುತ್ತಿದ್ದುದು ಹೌದು. ದೋಣಿ ಹತ್ತುವ ದಿನ ಕುಡಿದದ್ದನ್ನು ವನಜ ಕಂಡಿರಲಿಲ್ಲ. ಆದರೆ ಆ ಬೆಳಿಗ್ಗೆ ಅವಳು ಏಳುವ ಮೊದಲೇ ಅವನು ಹೋಗಿದ್ದ. ಹಾಗಾಗಿ ಅವಳಿಗೂ ಖಂಡಿತ ಹೇಳಲು ಆಗುತ್ತಿರಲಿಲ್ಲ.

ಮೂರು ವರ್ಷ ಹೀಗೇ ಹೋಯಿತು. ಒಂದು ದಿನ ಮೋಕ್ಷಿತಾ ಶಾಲೆಯಿಂದ ಬಂದವಳು ಚೀಲ ಇಳಿಸದೆ ಬಾಗಿಲಲ್ಲೇ ನಿಂತಳು. ಜಗಳದಲ್ಲಿ ಯಾವಳೋ "ನಿನ್ನ್ ಅಪ್ಪಯ್ಯ ಕುಡ್ಕಂಡ್ ಸತ್ತದ್ದ್" ಎಂದಿದ್ದಳಂತೆ.

"ಹೌದಾ ಅಮ್ಮ?"

"ಯಾರ್ ಹೇಳದ್ದ್?"

"ಯಾರೋ. ಹೌದಾ, ಅಲ್ದಾ?"

"ಅಲ್ಲ."

"ಮತ್ತ್ ಹ್ಯಾಂಗೆ?"

ಉತ್ತರ ಗೊತ್ತಿದ್ದವನು ಒಳಗೆ ಗೋಡೆ ನೋಡುತ್ತ ಮಲಗಿದ್ದ. ಆ ದಿನ ಅವಳಿಗೆ ಅಣ್ಣನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಹೋಗಿ ಹೆಗಲು ಹಿಡಿದು ಅಲುಗಿಸಿ ಕೇಳಬೇಕೆನಿಸಿತು. ಕೇಳಿದರೆ ಏನಾಗುತ್ತದೆಂದು ಗೊತ್ತಿತ್ತು: ಕೈ ಅಡ್ಡ ಹಿಡಿಯುತ್ತಾನೆ.

ಅದೇ ತಿಂಗಳು ಕುಂದಾಪುರದಲ್ಲಿ, ಶಾಸ್ತ್ರಿ ಸರ್ಕಲಿನ ಹತ್ತಿರ ಬಸ್ಸಿಗೆ ಕಾಯುವಾಗ, ಕಂಬಕ್ಕೆ ಕಟ್ಟಿದ ಬ್ಯಾನರು ಕಂಡಳು. ಸಮುದಾಯ ಕಾಲೇಜು, ದುಡಿಯುವವರಿಗೆ ಭಾನುವಾರದ ತರಗತಿ. ಹೊಲಿಗೆ, ಕಂಪ್ಯೂಟರು, ಕೊನೆಯಲ್ಲಿ ಸೈಕಾಲಜಿ ಮತ್ತು ಆಪ್ತಸಮಾಲೋಚನೆ. ಕೆಳಗೆ ಬರೆದಿತ್ತು: ಮಾತಾಡದವರನ್ನು ಮಾತಾಡಿಸುವ ಕಲೆ. ಬ್ಯಾನರು ಬರೆಸಿದವರು ಯಾರೋ ಕೈಗೆ ಬಂದದ್ದು ಬರೆಸಿರಬೇಕು. ವನಜ ಮಾತ್ರ ಅದನ್ನು ತನ್ನ ಮನೆಗೇ ಬರೆದದ್ದೆಂದು ನಂಬಿದಳು.

ತರಗತಿಯೆಂದರೆ ಹಳೆಯ ಕಟ್ಟಡದ ಮಾಳಿಗೆ, ಒಂದು ಫ್ಯಾನು, ಹತ್ತು ಹನ್ನೆರಡು ಜನ. ಕಲಿಸುವವಳು ವಿನಯಾ ಎಂಬ ಚಿಕ್ಕ ಪ್ರಾಯದ ಹುಡುಗಿ, ಬ್ರಹ್ಮಾವರದಿಂದ ಬರುತ್ತಿದ್ದಳು. ಆಗ ಹೆದ್ದಾರಿಯನ್ನು ಅಗೆದು ಹಾಕಿದ್ದರಿಂದ ಧೂಳಿನಲ್ಲಿ ಮಿಂದು ಬಂದು ಮೊದಲು ಮುಖ ತೊಳೆಯುತ್ತಿದ್ದಳು, ಆಮೇಲೆ ಮನಸ್ಸಿನ ವಿಷಯ. ವಾರವಿಡೀ ಬೇರೆ ಎರಡು ಕಾಲೇಜಿನಲ್ಲಿ ಪಾಠ ಮಾಡಿ ಭಾನುವಾರ ಇಲ್ಲಿ. ಅವಳ ಕಣ್ಣ ಕೆಳಗೂ ಕಪ್ಪು ಇತ್ತು. ತನಗಿಂತ ಹತ್ತು ವರ್ಷ ದೊಡ್ಡವರನ್ನು ಹೆಸರು ಹಿಡಿದು ಕರೆಯಲಾರದೆ "ವನಜಕ್ಕ" ಎನ್ನುತ್ತಿದ್ದಳು.

ಪಾಠದಲ್ಲಿ ವನಜಳಿಗೆ ಅರ್ಥವಾದದ್ದು ಕಡಿಮೆ, ನೆನಪಿನಲ್ಲಿ ಉಳಿದದ್ದು ಕೆಲವು ಸಂಗತಿ. ಹೇಳುವವರು ಹೇಳುವಾಗ ಮಧ್ಯೆ ಬಾಯಿ ಹಾಕಬಾರದು. ಬುದ್ಧಿ ಹೇಳಬಾರದು. ಅಯ್ಯೋ ಎನ್ನಬಾರದು. ಸರಿ ತಪ್ಪು ಎನ್ನಬಾರದು. ಕೇಳುತ್ತಿದ್ದೇನೆ ಎಂದು ಗೊತ್ತಾಗುವಂತೆ "ಹ್ಞೂಂ" ಎನ್ನಬೇಕು, ಅಷ್ಟೇ. ಇಬ್ಬಿಬ್ಬರನ್ನು ಕೂರಿಸಿ ಅಭ್ಯಾಸ ಮಾಡಿಸುತ್ತಿದ್ದರು, ಒಬ್ಬರು ಹೇಳುವುದು, ಒಬ್ಬರು ಕೇಳುವುದು. ವನಜಳ ಜೋಡಿ ಸಾಸ್ತಾನದ ಪ್ರೇಮಾನಂದರು, ಬ್ಯಾಂಕಿನಿಂದ ನಿವೃತ್ತರಾದವರು. ಪೆನ್ಶನ್ ಬರುತ್ತಿತ್ತು, ಹೊತ್ತು ಹೋಗುತ್ತಿರಲಿಲ್ಲ. ತಮ್ಮ ಸೊಸೆಯ ಬಗ್ಗೆ ಅವರು ಅರ್ಧ ಗಂಟೆ ಹೇಳಿದರು, ವನಜ ಅರ್ಧ ಗಂಟೆ ಹ್ಞೂಂ ಎಂದಳು. ಸರದಿ ಬದಲಾಗಿ ವನಜ "ನನ್ ಗಂಡ" ಎಂದು ಶುರು ಮಾಡುವಷ್ಟರಲ್ಲಿ ಪ್ರೇಮಾನಂದರು, "ಕಾಣಿ ವನಜ, ಇದಕ್ಕೆ ನಾನೊಂದ್ ದಾರಿ ಹೇಳ್ತೆ" ಎಂದು ಮುಂದಕ್ಕೆ ಬಾಗಿದರು. ಎಲ್ಲರೂ ನಕ್ಕರು, ವನಜಳೂ ನಕ್ಕಳು. ಆಮೇಲೆ ಯಾವ ಜೋಡಿಗೆ ಕೇಳುವವರು ಬೇಕಾದರೂ ವಿನಯಾ ವನಜಳನ್ನೇ ಕರೆಯುತ್ತಿದ್ದಳು. ಹ್ಞೂಂ ಎನ್ನುವುದರಲ್ಲಿ ಅವಳನ್ನು ಮೀರಿಸುವವರು ಇರಲಿಲ್ಲ. ಅವಳ ಮಾತು ಶುರುವಾದಲ್ಲೇ ಉಳಿಯಿತು.

ಇನ್ನೊಂದು ವಿಷಯವನ್ನೂ ವಿನಯಾ ಒತ್ತಿ ಹೇಳಿದ್ದಳು. ಮನೆಯವರಿಗೆ ಮನೆಯವರೇ ಈ ಕೆಲಸ ಮಾಡಲು ಹೋಗಬಾರದು. ವನಜ ಅದನ್ನು ಬರೆದುಕೊಂಡಳು. ಮನೆಯವರನ್ನು ಬಿಟ್ಟು ತನ್ನ ಹತ್ತಿರ ಇನ್ಯಾರು ಬರುತ್ತಾರೆ ಎಂದೂ ಅಂದುಕೊಂಡಳು.

ನವರಾತ್ರಿ ಕಳೆದ ಮೇಲೆ ಒಂದು ಸಂಜೆ ಧೈರ್ಯ ಮಾಡಿದಳು. ಚಾವಡಿಯಲ್ಲಿದ್ದ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಎರಡನ್ನು ಒರೆಸಿ, ಪುಸ್ತಕದ ಚಿತ್ರದಲ್ಲಿದ್ದಂತೆ ಎದುರುಬದುರು ಇಟ್ಟಳು. ತಾಯಿಯನ್ನು ಹಿತ್ತಲಿಗೆ ಕಳಿಸಿದಳು. ಅಣ್ಣನನ್ನು ಎಬ್ಬಿಸಿ ಕೈಹಿಡಿದು ತಂದು ಕೂರಿಸಿದಳು, ತಾನು ಎದುರು ಕೂತಳು. ಬೆನ್ನು ನೇರ, ಕೈ ಮಡಿಲಲ್ಲಿ, ಕಣ್ಣು ಅವನ ಮುಖದಲ್ಲಿ.

"ಅಣ್ಣ, ನಿನ್ನ್ ಮನ್ಸಂಗೆ ಎಂತ ಇತ್ತ್, ಹೇಳ್. ನಾನ್ ಎಂತದೂ ಅಂಬುದಿಲ್ಲೆ."

ಕರಿಯ ಅವಳನ್ನು ನೋಡಿದ. ಕುರ್ಚಿ ನೋಡಿದ. ಅವನ ಮುಖ ನೆತ್ತರು ಇಳಿದಂತೆ ಬೆಳ್ಳಗಾಯಿತು. ನಿಧಾನವಾಗಿ ಎದ್ದು ನಿಂತು, ಹೆಗಲ ಮೇಲಿನ ಬೈರಾಸು ತೆಗೆದು ಸೊಂಟಕ್ಕೆ ಸುತ್ತಿ, ತಂಗಿಗೆ ಕೈಮುಗಿದ.

"ತಪ್ಪುಕಾಣಿಕೆ ಎಷ್ಟ್ ಇಡ್ಕ್, ಹೇಳಿ," ಎಂದ.

ಮೂರು ವರ್ಷದಲ್ಲಿ ಅವನು ಪೂರ್ತಿಯಾಗಿ ಆಡಿದ ಮೊದಲ ಮಾತು ಅದು. ತಂಗಿಯನ್ನು ಬಹುವಚನದಲ್ಲಿ ಕರೆದ ಮೊದಲ ಮಾತೂ ಹೌದು. ಹೇಳಿದವನು ಮೆಟ್ಟಿಲಿಳಿದು ಹೊರಟೇಹೋದ.

ಹಿತ್ತಲಿನಿಂದ ಓಡಿ ಬಂದ ಬೆಳ್ಳಿ ಕುರ್ಚಿ ನೋಡಿದವಳೇ ಬೈಯಲು ಶುರು ಮಾಡಿದಳು. "ನಿಂಗ್ ತಲೆ ಸಮ ಇತ್ತಾ ಹೆಣೆ? ಗುರಿಕಾರ್ರ್ ನ್ಯಾಯಕ್ಕೆ ಕೂರ್ಸಿದಂಗೆ ಕೂರ್ಸಿದ್ಯಲೆ ಅವ್ನ್! ಒಡಹುಟ್ಟಿದವ್ನ್ ಹತ್ರ ಹೀಂಗ್ ಎದ್ರೆದ್ರ್ ಕೂಕಂಡ್ ಯಾರಾರೂ ಮಾತಾಡ್ತ್ರಾ?"

ನಮ್ಮ ಕೇರಿಯಲ್ಲಿ ಮನುಷ್ಯನನ್ನು ಎದುರು ಕೂರಿಸಿ, ಮುಖ ನೋಡಿ, "ಹೇಳು" ಎನ್ನುವುದು ಒಂದೇ ಸಂದರ್ಭದಲ್ಲಿ. ತಪ್ಪು ಮಾಡಿದವನನ್ನು ಗುರಿಕಾರರ ಚಾವಡಿಗೆ ಕರೆಸಿದಾಗ. ಉಳಿದಂತೆ ನಮ್ಮವರ ಮಾತೆಲ್ಲ ಕೈ ಕೆಲಸದ ಮೇಲೆ, ಕಣ್ಣು ಬೇರೆಲ್ಲೋ. ಹುಟ್ಟಿದಂದಿನಿಂದ ಇದನ್ನು ನೋಡಿಕೊಂಡು ಬಂದವಳಿಗೆ ಪುಸ್ತಕದ ಚಿತ್ರ ಕಂಡಾಗ ಅದು ನೆನಪಾಗಲಿಲ್ಲ. ಓದು ಒಮ್ಮೊಮ್ಮೆ ಹಾಗೆ ಮಾಡುತ್ತದೆ.

ಕರಿಯ ಎರಡು ದಿನ ಬರಲಿಲ್ಲ. ಯಡ್ತರೆಯಲ್ಲಿ ಚಿಕ್ಕಮ್ಮನ ಮನೆಯ ಹಿಂದೆ ಕೂತಿದ್ದಾನೆ ಎಂದು ಗೊತ್ತಾಗಿ ಹೋಗಿ ಕರೆದುಕೊಂಡು ಬಂದರು. ಬಂದು ಮತ್ತೆ ಗೋಡೆಗೆ ಮುಖ ಮಾಡಿದ.

ತಾಯಿಯ ಬೈಗುಳ ವನಜಳಿಗೆ ತಾಗಲಿಲ್ಲ. ಅವಳ ತಲೆಯಲ್ಲಿ ಕೂತದ್ದು ಆ ಒಂದೇ ಮಾತು. ತಪ್ಪು ಮಾಡದವನು ತಪ್ಪುಕಾಣಿಕೆ, ಅಂದರೆ ದಂಡ, ಎಷ್ಟೆಂದು ಯಾಕೆ ಕೇಳುತ್ತಾನೆ? ಕಾರ್ಖಾನೆಯಲ್ಲಿ ಬೀಜದ ಸಿಪ್ಪೆ ಬಿಡಿಸುತ್ತ ಅದನ್ನೇ ಯೋಚಿಸಿದಳು. ದಿನಗಟ್ಟಲೆ ಯೋಚಿಸಿದಳು. ಏನೋ ಇದೆ, ಅದು ತನಗೆ ಗೊತ್ತಾಗಬೇಕು. ಗೊತ್ತಾಗದಿದ್ದರೆ ಸಾಕು ಎಂದೂ ಒಂದೊಂದು ಸಲ ಅನಿಸುತ್ತಿತ್ತು.

ವಿನಯಾಳಿಗೆ ನಡೆದದ್ದು ಹೇಳಿದಳು. "ಮನೆಯವ್ರಿಗೆ ಮಾಡುಕಾಗ ಅಂತ ಹೇಳಿದ್ನಲ್ಲ ವನಜಕ್ಕ," ಎಂದಳು ವಿನಯಾ. ಬೈಯುವಷ್ಟು ಶಕ್ತಿ ಅವಳಲ್ಲೂ ಇರಲಿಲ್ಲ. "ಇನ್ನ್ ಸ್ವಲ್ಪ ದಿನ ಎಂತದೂ ಕೇಂಬುಕೆ ಹೋಯ್ಬೇಡಿ."

ವನಜ ಕೇಳುವುದು ಬಿಟ್ಟಳು. ಉಪಾಯವೆಂದಲ್ಲ, ದಣಿವಿನಿಂದ. ಚಳಿಗಾಲ ಹೋಯಿತು, ಸೆಕೆ ಬಂತು. ಕಾರ್ಖಾನೆಯಲ್ಲಿ ಹಂಗಾಮಿನ ಕೆಲಸ ಏರಿ, ಬೆರಳುಗಳ ತುದಿ ಸುಲಿದು, ಭಾನುವಾರ ಬಸ್ಸಿನಲ್ಲಿ ಕೂತಲ್ಲೇ ನಿದ್ದೆ. ಮಾರ್ಚಿನ ಒಂದು ಭಾನುವಾರ ಏಳಲು ಆಗಲಿಲ್ಲ, ಕಾಲೇಜಿಗೆ ಹೋಗಲಿಲ್ಲ. ಅಪ್ಪಿ ಒಂದು ಬುಟ್ಟಿ ಸಣ್ಣ ಸಿಗಡಿ ತಂದುಕೊಟ್ಟು ಹೋಗಿದ್ದಳು. ಬೆಳ್ಳಿ ಮೋಕ್ಷಿತಾಳನ್ನು ಕರೆದುಕೊಂಡು ದೇವಸ್ಥಾನಕ್ಕೆ ಹೋಗಿದ್ದಳು. ವನಜ ಜಗಲಿಯಲ್ಲಿ ಕಾಲು ಚಾಚಿ ಕೂತು ಸಿಗಡಿ ಸುಲಿಯತೊಡಗಿದಳು. ತಲೆ ಕೀಳು, ಸಿಪ್ಪೆ ಎಳೆ, ಪಾತ್ರೆಗೆ ಹಾಕು. ತಲೆಯಲ್ಲಿ ಯಾವ ಯೋಚನೆಯೂ ಇರಲಿಲ್ಲ.

ಕರಿಯ ಒಳಗಿನಿಂದ ಬಂದು ಬುಟ್ಟಿಯ ಆಚೆ, ಅಂಗಳಕ್ಕೆ ಮುಖ ಮಾಡಿ ಕೂತ. ಸ್ವಲ್ಪ ಹೊತ್ತು ನೋಡಿ ತಾನೂ ಒಂದು ಸಿಗಡಿ ತೆಗೆದುಕೊಂಡ. ವನಜ ತಿರುಗಿ ನೋಡಲಿಲ್ಲ. ಬುಟ್ಟಿ ಅರ್ಧವಾಗುವವರೆಗೂ ಇಬ್ಬರೂ ಸುಲಿದರು.

"ಅವ ಬಿದ್ದದ್ದ್ ನಾ ಕಂಡೆ," ಎಂದ ಕರಿಯ.

ವನಜಳ ಕೈ ನಿಲ್ಲಲಿಲ್ಲ. "ಹ್ಞೂಂ," ಎಂದಳು.

"ಅಳ್ವೆ ಬಾಯಂಗೆ ಹಿಂದಿನ್ ತೆರೆ ಎತ್ತಿ ಹೊಡೀತ್. ಅವ ಹಿಂದ್ ಬದಿಯಂಗೆ ಹಗ್ಗ ಸುತ್ತುಕಿದ್ದ. ಉಳ್ದವ್ರ್ ಎಲ್ಲಾ ಮುಂದ್ ಕಂಡ್ಕಂಡ್ ಇದ್ದಿದ್ರ್. ನಾ ಒಬ್ನೇ ಕಂಡದ್ದ್."

"ಹ್ಞೂಂ."

"ಮುಳ್ಗ್ಲಿಲ್ಲೆ ಅವ. ಮೇಲ್ ಎದ್ದ. ಕೈ ಎತ್ತಿ 'ಭಾವಾ' ಅಂತ ಕರ್ದ."

ವನಜ ಕಿತ್ತ ತಲೆಯನ್ನು ಪಾತ್ರೆಗೆ ಹಾಕಿ, ಮತ್ತೆ ಹೆಕ್ಕಿ ತೆಗೆದಳು. "ಹ್ಞೂಂ," ಎಂದಳು.

"ದೋಣಿ ತಿರ್ಗ್ಸಿರೆ ಅಡ್ಡ ಆತಿತ್ತ್. ಅಳ್ವೆಯಂಗೆ ಅಡ್ಡ ಆರೆ ಮಗ್ಚೂದೇ. ಏಳ್ ಜನ ಇದ್ದಿತ್. ನಾ ಎಂಜಿನ್ ಪೂರ್ತಿ ಕೊಟ್ಟ್ ಮುಂದ್ ಹೋದೆ ವನಜ. ಇನ್ನೊಂದ್ ಸಲ ಕರ್ದದ್ದ್ ಕೇಂಡೆ. ತಿರ್ಗಿ ಕಾಣ್ಲಿಲ್ಲೆ. ಒಳ್ಗ್ ಬಂದ್ ನೀರ್ ತಣ್ಣಗ್ ಆದ್ಮೇಲೆ 'ಸೂರ ಬಿದ್ದ' ಅಂದೆ. ಅಷ್ಟ್ ಹೊತ್ತಿಗೆ ಎಂತ ಉಳೀತ್?"

ಸಿಗಡಿಯ ಮೂತಿಯ ಮುಳ್ಳು ಚುಚ್ಚಿ ವನಜಳ ಬೆರಳಿನಲ್ಲಿ ರಕ್ತ ಬಂತು. ಅವಳು ಕೇಳಬಾರದಿತ್ತು. ಕೇಳುವವರು ಪ್ರಶ್ನೆ ಹಾಕಬಾರದೆಂದು ತಿಂಗಳುಗಟ್ಟಲೆ ಕಲಿತಿದ್ದಳು. ಆದರೂ ಕೇಳಿದಳು.

"ಕುಡ್ದಿದ್ರಾ?"

"ಇಲ್ಲೆ. ಆ ದಿನ ಚಾ ಸಾ ಕುಡ್ದಿರ್ಲಿಲ್ಲೆ ಅವ. ಊರ್ನರ್ ಕುಡ್ದಿದ್ದ ಅಂದ್ರ್. ನಾ ಅಲ್ಲ ಅನ್ಲಿಲ್ಲೆ. ಅಲ್ಲ ಅಂದ್ರೆ, ಮತ್ತ್ ಹ್ಯಾಂಗ್ ಹೋದ, ನೀ ಎಂತ ಮಾಡ್ತಿದ್ದೆ ಅಂತ ಕೇಂತಿದ್ರ್."

"ಹ್ಞೂಂ."

ಆಮೇಲೆ ಕರಿಯ ಅತ್ತ. ಸಿಗಡಿಯ ಸಿಪ್ಪೆ ಹತ್ತಿದ ಕೈಯಲ್ಲೇ ಮುಖ ಮುಚ್ಚಿಕೊಂಡು, ದೊಡ್ಡ ಗಂಡಸು, ಮಕ್ಕಳ ಹಾಗೆ ಅತ್ತ. ವನಜ ಅಳಲಿಲ್ಲ. ಕೇಳುವವರು ಅಳಬಾರದು. ಉಳಿದ ಸಿಗಡಿಯನ್ನೆಲ್ಲ ಸುಲಿದು, ಪಾತ್ರೆ ತೊಳೆದು, ಮಸಾಲೆ ಅರೆದು ಒಲೆಗಿಟ್ಟಳು. ಆ ಮಧ್ಯಾಹ್ನ ಕರಿಯ ಎರಡು ಸಲ ಅನ್ನ ಹಾಕಿಸಿಕೊಂಡು ಉಂಡ.

ಅಲ್ಲಿಂದ ಅವನು ಎದ್ದ ಎನ್ನಬೇಕು. ಒಂದು ವಾರದಲ್ಲಿ ಗಡ್ಡ ತೆಗೆಸಿದ. ಎರಡನೆಯ ವಾರ ದಡಕ್ಕೆ ಹೋಗಿ ಬೇರೆಯವರ ಬಲೆ ಎಳೆಯಲು ಕೈ ಕೊಟ್ಟ. ತಾಯಿಯ ಹತ್ತಿರ ಉಪ್ಪು ಜಾಸ್ತಿ, ಹುಳಿ ಕಡಿಮೆ ಎಂದು ತಕರಾರು ಶುರು ಮಾಡಿದ. ಬೆಳ್ಳಿ ಆ ತಕರಾರು ಕೇಳಿ ಕಣ್ಣೊರೆಸಿಕೊಂಡಳು. ಅಪ್ಪಿಯಂತೂ ಬೇಲಿಯ ಹತ್ತಿರ ನಿಂತು ಹೊಗಳಿದ್ದೇ ಹೊಗಳಿದ್ದು. "ಕೋರ್ಸ್ ಮಾಡದ್ದ್ ಸಾರ್ಥಕ ಆಯ್ತ್ ಕಾಣ್ ವನಜ! ನಮ್ಮನಿ ಗಂಡ್ಸಿಗೂ ಒಂಚೂರ್ ಎಂತಾರೂ ಮಾಡ್ ಮರಾಯ್ತಿ."

ಊರಿಗೆ ಅವಳು ಹುಚ್ಚು ಬಿಡಿಸಿದವಳಾದಳು. ಅವಳಿಗೆ ಏನಾಯಿತೆಂದು ಕೇಳಿದವರಿಲ್ಲ. ಮೂರೂವರೆ ವರ್ಷ ಅವನ ಎದೆಯ ಮೇಲೆ ಕೂತಿದ್ದುದು ಎದ್ದು ಬಂದು ಅವಳ ಎದೆಯ ಮೇಲೆ ಕೂತಿತ್ತು. ಅಣ್ಣ ಮಾಡಿದ್ದು ಸರಿ ಎಂದು ಅವಳಿಗೆ ಗೊತ್ತಿತ್ತು. ಏಳು ಜೀವ ಉಳಿದವು, ಅದರಲ್ಲಿ ಅಪ್ಪಿಯ ಗಂಡನದೂ ಒಂದು. ಗೊತ್ತಿದ್ದರೂ, ಅವನು ಬಟ್ಟಲಲ್ಲಿ ಮೀನಿನ ಮುಳ್ಳು ಬಿಡಿಸುತ್ತ ನಗುವಾಗ ಎದ್ದು ಹೋಗಿ ಬಟ್ಟಲು ಎಸೆಯಬೇಕು ಎನಿಸುತ್ತಿತ್ತು. ಎರಡು ಸಲ ಕರೆದನಂತೆ. ಎರಡು ಸಲ! ಯಾರಿಗೆ ಹೇಳುವುದು? ತಾಯಿಗೆ ಹೇಳಿದರೆ ತಾಯಿ ಉಳಿಯುವುದಿಲ್ಲ. ಅಪ್ಪಿಗೆ ಹೇಳಿದರೆ ಊರಿಗೇ ಹೇಳಿದಂತೆ.

ಪರೀಕ್ಷೆಯ ಮೊದಲು ಪ್ರತಿಯೊಬ್ಬರೂ ಒಬ್ಬ ಮನುಷ್ಯನ ವಿಷಯ ಬರೆದುಕೊಡಬೇಕಿತ್ತು. ಕಷ್ಟವೇನು, ಕೇಳಿದ್ದು ಹೇಗೆ, ಆಮೇಲೆ ಏನಾಯಿತು ಎಂದು. ವಿನಯಾ ಆಸೆಯಿಂದ ಕೇಳಿದಳು. "ನಿಮ್ ಅಣ್ಣ ಸಮ ಆದ್ರಂಬ್ರಲೆ? ಅದನ್ನೇ ಬರೀನಿ ವನಜಕ್ಕ, ಹೆಸ್ರ್ ಬದ್ಲ್ ಮಾಡಿ."

ಕಿರಿಮಂಜೇಶ್ವರದಲ್ಲಿ ಹೆಸರು ಬದಲಾಯಿಸಿದರೆ ಯಾರಿಗೆ ಗೊತ್ತಾಗದೆ ಇರುತ್ತದೆ? "ಬರೆಯುಕಾತಿಲ್ಲೆ ಮೇಡಂ," ಎಂದಳು.

"ನೀವ್ ಸಮ ಇದ್ರ್ಯಾ?"

ಕೇಳಿದ್ದು ಅವಳೊಬ್ಬಳೇ. ಹೇಳಿಬಿಡಲೇ ಎಂದುಕೊಂಡಳು ವನಜ. ಅಷ್ಟರಲ್ಲಿ ಪ್ರೇಮಾನಂದರು ತಮ್ಮ ಸೊಸೆಯ ವಿಷಯ ಬರೆದ ಕಟ್ಟು ಹಿಡಿದು ಬಂದು ನಿಂತರು. ವಿನಯಾ ಅವರ ಕಡೆ ತಿರುಗಿದಳು. ವನಜ ಬಸ್ಸಿಗೆ ಹೊತ್ತಾಯಿತೆಂದು ಇಳಿದು ಬಂದಳು. ಪರೀಕ್ಷೆ ಬರೆಯಲು ಅವಳು ಹೋಗಲಿಲ್ಲ.

ಮುಂದಿನ ಭಾನುವಾರ ಮನೆಯಲ್ಲೇ ಇದ್ದಳು. ಮರುದಿನ ಕರಿಯ ಮತ್ತೆ ದೋಣಿ ಹತ್ತುವವನಿದ್ದ. ತಾಂಡೇಲನಾಗಿ ಅಲ್ಲ, ಸುಮ್ಮನೆ ಒಬ್ಬನಾಗಿ. ಅದಕ್ಕೆಂದು ಬೆಳ್ಳಿ ಅಂಜಲ್ ಮೀನು ತರಿಸಿದ್ದಳು, ದುಬಾರಿ ಮೀನು, ಒಬ್ಬೊಬ್ಬರಿಗೆ ಒಂದೇ ತುಂಡು. ಮಧ್ಯಾಹ್ನ ನಾಲ್ಕೂ ಜನ ಅಡುಗೆಮನೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು ಸಾಲಾಗಿ ಕೂತರು. ಕರಿಯ ಮುಂಬೈಯ ಹಳೆಯ ಕತೆ ಹೇಳಿ ಮೋಕ್ಷಿತಾಳನ್ನು ನಗಿಸುತ್ತಿದ್ದ. ನಗುತ್ತಿದ್ದವಳು ಇದ್ದಕ್ಕಿದ್ದಂತೆ ಕೇಳಿದಳು.

"ಮಾವ, ಅಪ್ಪಯ್ಯ ಕುಡ್ದಿದ್ರಾ ಆ ದಿನ?"

ಕರಿಯನ ಕೈ ಅನ್ನದಲ್ಲೇ ನಿಂತಿತು. ಬೆಳ್ಳಿ, "ಉಂಬತ್ತಿಗೆ ಎಂತ ಮಾತ್ ಇದ್!" ಎಂದಳು. ಹುಡುಗಿ ಬಿಡಲಿಲ್ಲ. "ಮಾವಂಗ್ ಮಾತ್ ಬಂತಲೆ ಈಗ. ಹೇಳ್ಲಿ. ಎಲ್ರೂ ನಂಗೆ ಹೇಳ್ತ್ರ್, ಕುಡ್ಕಂಡ್ ಬಿದ್ದದ್ದ್ ಅಂತ."

ಕರಿಯ ವನಜಳ ಕಡೆ ನೋಡಿದ. ಅವನ ಮುಖದಲ್ಲಿ ಮತ್ತೆ ಅದೇ ಬಿಳುಪು. ಇನ್ನೊಂದು ಕ್ಷಣ ಹೋದರೆ ಅವನು ಹೇಳಿಬಿಡುತ್ತಾನೆ, ಅಥವಾ ಇನ್ನೆಂದೂ ಮಾತಾಡುವುದಿಲ್ಲ. ಎರಡೂ ವನಜಳಿಗೆ ಕಂಡವು. ಹೇಳಿದರೆ ಈ ಹುಡುಗಿಗೆ ಅಪ್ಪನ ಜೊತೆ ಮಾವನೂ ಹೋದ ಹಾಗೆ. ಅವಳಿಗೆ ಉಳಿದಿರುವ ಗಂಡುದಿಕ್ಕು ಇವನೊಬ್ಬ.

"ಕುಡ್ದಿರ್ಲಿಲ್ಲೆ," ಎಂದಳು ವನಜ. "ಚಾ ಸಾ ಕುಡ್ದಿರ್ಲಿಲ್ಲೆ ನಿನ್ನ್ ಅಪ್ಪಯ್ಯ. ಮಾವ ನಂಗೆ ಎಲ್ಲಾ ಹೇಳಿರ್."

"ಮತ್ತ್ ಹ್ಯಾಂಗೆ?"

"ದೊಡ್ಡ್ ತೆರೆ ಬಂತ್. ಅಪ್ಪಯ್ಯ ಬಿದ್ರ್. ಕೈ ಎತ್ತಿ ಮಾವನ್ ಕರ್ದ್ರ್." ದೋಣಿಯಲ್ಲಿದ್ದ ಉಳಿದವರ ಮಾತನ್ನು ಆಮೇಲೆ ನೋಡಿಕೊಂಡರಾಯಿತು ಎಂದುಕೊಂಡಳು. "ಮಾವ ದೋಣಿ ತಿರ್ಗ್ಸಿ ವಾಪಾಸ್ ಹೋದ್ರ್. ಮಗ್ಚುಕಾದ್ರೂ ಬಿಡ್ಲಿಲ್ಲೆ. ಕೈ ಹಿಡ್ದಿದ್ರಂಬ್ರ್ ಮಗಾ, ಜಾರಿ ಹೋಯ್ತ್. ಅದ್ಕೇ ಇಷ್ಟ್ ವರ್ಷ ಮಾವಂಗ್ ಮಾತ್ ಬರ್ಲಿಲ್ಲೆ."

ಬೆಳ್ಳಿ ಸೆರಗಿನಿಂದ ಮೂಗು ಒರೆಸಿಕೊಂಡಳು. ಕರಿಯ ತಲೆ ಬಗ್ಗಿಸಿ ಕೂತಿದ್ದ, ಅವನ ಕಣ್ಣೀರು ಅನ್ನದ ಮೇಲೆ ಬೀಳುತ್ತಿತ್ತು.

ಮೋಕ್ಷಿತಾ ಬಹಳ ಹೊತ್ತು ಅವನನ್ನೇ ನೋಡಿದಳು. ಆಮೇಲೆ ತನ್ನ ಬಟ್ಟಲಿನ ಮೀನಿನ ತುಂಡನ್ನು ಎತ್ತಿ ಮಾವನ ಬಟ್ಟಲಿಗೆ ಹಾಕಿದಳು.

"ತಿನ್ನಿ ಮಾವ," ಎಂದಳು.